ಹಳಿಯ ‘ಪಟಾಕಿ’ ಮಗನ ಕೈಗೆ ಸಿಕ್ಕಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ ತೋಟ ಸಕಲೇಶಪುರದ ಕಡೆ, ರೈಲು ಹಳಿಯ ಪಕ್ಕದಲ್ಲೇ ಇದೆ. ಹೋದ ತಿಂಗಳು ಜೋರು ಮಳೆಯಲ್ಲಿ, ಇನ್ನೂ ಬೆಳಕು ಹರಿಯುವ ಮುಂಚೆ ಒಂದು ಗೂಡ್ಸ್ ರೈಲು ಬಂತು. ಅದು ನಮ್ಮ ತೋಟ ದಾಟುವಾಗ ಢಂ, ಢಂ, ಢಂ ಅಂತ ಮೂರು ಸಲ ಸದ್ದಾಯಿತು. ರೈಲು ಮುಂದೆ ಹೋಗಿ ನಿಂತಿತು. ಅದರಾಚೆ ಹಳಿಯ ಮೇಲೆ ಮರ ಬಿದ್ದಿತ್ತಂತೆ. ‘ಬಾಂಬಲ್ಲ ಅಮ್ಮ, ನಮ್ಮದೇ ಪಟಾಕಿ’ ಅಂತ ಹಳಿ ನೋಡಿಕೊಂಡು ಓಡಾಡುವ ಕೀಮ್ಯಾನ್ ನಗುತ್ತಾ ಹೇಳಿ ಹೋದರು. ಈಗ 6ನೇ ಕ್ಲಾಸಿನ ನನ್ನ ಮಗ ಹಳಿಯ ಪಕ್ಕ ಬಿದ್ದಿದ್ದ ಒಂದು ಚಪ್ಪಟೆ ತಗಡಿನ ಡಬ್ಬಿ ತಂದಿದ್ದಾನೆ. ಎರಡು ಕಡೆ ಬಗ್ಗಿಸುವ ಪಟ್ಟಿ ಇದೆ, ಮೇಲೆ ಅಚ್ಚಿನ ಅಕ್ಷರ ಇದೆ. ಒಡೆದ ಹಾಗೆ ಕಾಣುವುದಿಲ್ಲ. ಸದ್ಯಕ್ಕೆ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಯಜಮಾನರು ಬಾವಿಗೆ ಎಸೆದುಬಿಡು ಅನ್ನುತ್ತಾರೆ. ಇದರಿಂದ ರೈಲು ಹಳಿ ತಪ್ಪುವುದಿಲ್ಲವೇ? ರೈಲಿಗೆ ತಾನೇ ಬ್ರೇಕ್ ಹಾಕುವ ‘ಕವಚ’ ಬಂದಿರುವ ಕಾಲದಲ್ಲಿ ಇಂಥದ್ದು ಇನ್ನೂ ಯಾಕೆ ಬೇಕು? ನಾಳೆ ನಮ್ಮ ಕಣ್ಣಿಗೇ ಹಳಿಯ ಮೇಲೆ ಮರ ಬಿದ್ದದ್ದು ಕಂಡರೆ ನಾವೇನು ಮಾಡಬೇಕು?

ಉತ್ತರ: ಮೊದಲು ಡಬ್ಬಿಯ ವಿಷಯ ಮುಗಿಸೋಣ. ಉಳಿದ ಮಾತು ಆಮೇಲೆ.

ಅದನ್ನು ಇನ್ನೊಮ್ಮೆ ಮುಟ್ಟಬೇಡಿ. ಇದ್ದ ಜಾಗದಲ್ಲೇ ಇರಲಿ. ಕೊಟ್ಟಿಗೆಗೆ ಮಕ್ಕಳು ಹೋಗದಂತೆ ನೋಡಿಕೊಳ್ಳಿ, ದನಗಳನ್ನು ಇವತ್ತಿನ ಮಟ್ಟಿಗೆ ಬೇರೆ ಕಡೆ ಕಟ್ಟಿ. ಅಲ್ಲಿ ಬೀಡಿ, ಬೆಂಕಿ, ಸೊಳ್ಳೆ ಹೊಗೆ ಏನೂ ಬೇಡ. ಆಮೇಲೆ 139ಕ್ಕೆ ಕರೆ ಮಾಡಿ. ಇದು ರೈಲ್ವೆಯ ಸಹಾಯವಾಣಿ. ಭದ್ರತೆಗೆ 1 ಒತ್ತಿ ಅನ್ನುತ್ತದೆ, ಅದನ್ನೇ ಒತ್ತಿ. ಫೋನಿನಲ್ಲಿ ಕಾಯುವ ತಾಳ್ಮೆ ಇಲ್ಲದಿದ್ದರೆ ಹತ್ತಿರದ ಗೇಟ್‌ಮನ್‌ಗೋ ಸ್ಟೇಷನ್ ಮಾಸ್ಟರ್‌ಗೋ ಹೋಗಿ ಹೇಳಿ. ಹೇಳುವುದಕ್ಕೆ ಹೋಗಿ, ಡಬ್ಬಿ ಹಿಡಿದುಕೊಂಡು ಹೋಗಬೇಡಿ. ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಗುಂಡಿಬಿದ್ದ ರಸ್ತೆಯಲ್ಲಿ ಸ್ಟೇಷನ್‌ಗೆ ತಂದು ‘ತಗೊಳ್ಳಿ ಸಾರ್’ ಅಂತ ಮೇಜಿನ ಮೇಲೆ ಇಟ್ಟವರನ್ನು ನಾನು ನೋಡಿದ್ದೇನೆ. ಆ ಮಾಸ್ಟರ್ ಕುರ್ಚಿ ಬಿಟ್ಟು ಹೊರಗೆ ಓಡಿದ್ದೂ ನೆನಪಿದೆ.

ಬಾವಿ ಬೇಡವೇ ಬೇಡ. ನೀರಿಗೆ ಬಿದ್ದ ತಕ್ಷಣ ಒಳಗಿನ ಮದ್ದು ಸತ್ತೇ ಹೋಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಮುಂದೆ ಯಾರೋ ಹೂಳು ತೆಗೆಯುವಾಗ ಗುದ್ದಲಿಗೆ ಸಿಗುತ್ತದೆ. ಈ ಡಬ್ಬಿಗೆ ರೈಲ್ವೆಯಲ್ಲಿ ಡೆಟೊನೇಟರ್ ಅನ್ನುತ್ತಾರೆ. ಅವಧಿ ಮುಗಿದ ಡೆಟೊನೇಟರುಗಳನ್ನು ಹಾಳು ಮಾಡಲು ರೈಲ್ವೆಯಲ್ಲಿ ಕೆಲವೇ ದಾರಿ ಇವೆ. ತೆಳು ಖನಿಜ ಎಣ್ಣೆಯಲ್ಲಿ 48 ಗಂಟೆ ನೆನೆಸಿ, ಎಚ್ಚರಿಕೆಯಿಂದ ಒಂದೊಂದಾಗಿ ಬೆಂಕಿಗೆ ಹಾಕುವುದು ಒಂದು. ಶಂಟಿಂಗ್ ಮಾಡುವಾಗ, ಅಂದರೆ ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸುವಾಗ, ಚಕ್ರದ ಕೆಳಗೆ ಸಿಡಿಸುವುದು ಇನ್ನೊಂದು. ಆಳ ಸಮುದ್ರಕ್ಕೆ ಎಸೆಯುವುದು ಮತ್ತೊಂದು. ತೋಟದ ಬಾವಿ ಆ ಪಟ್ಟಿಯಲ್ಲಿ ಇಲ್ಲ! ಇದನ್ನು ಓದಿ ಮನೆಯಲ್ಲಿ ಎಣ್ಣೆ ಕಾರ್ಯಕ್ರಮ ಶುರು ಮಾಡಬೇಡಿ. ಅದು ಬಯಲು ಜಾಗದಲ್ಲಿ, ಗೊತ್ತಿದ್ದವರು ಮಾಡುವ ಕೆಲಸ.

‘ಕೇಸ್ ಆಗುತ್ತಾ?’ ಅಂತ ನೀವು ಕೇಳಿಲ್ಲ. ಆದರೆ ಆ ಭಯಕ್ಕೇ ಬಾವಿಯ ಯೋಚನೆ ಬಂದಿರಬೇಕು, ಅಲ್ವಾ? ರೈಲ್ವೆ ಪೊಲೀಸರು ಬಂದು ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಅಂತ ಕೇಳಬಹುದು. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವಾಗಿಯೇ ತಿಳಿಸಿದರೆ ಅದೊಂದು ವಿಚಾರಣೆ. ಮುಚ್ಚಿಟ್ಟು ಆಮೇಲೆ ಬೇರೆಯವರ ಬಾಯಿಂದ ಹೊರಗೆ ಬಂದರೆ ಅದೇ ದೊಡ್ಡ ತಲೆನೋವು. ಡಬ್ಬಿಗಿಂತ ನನಗೆ ಚಿಂತೆಯಾದದ್ದು ನಿಮ್ಮ ಮಗ ಹಳಿಯ ಪಕ್ಕ ಓಡಾಡುವುದು. ಹಳಿಯ ಜಾಗಕ್ಕೆ ಸುಮ್ನೆ ಕಾಲಿಡುವುದೂ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ತಪ್ಪು. ಕಾನೂನು ಇರಲಿ, ಘಾಟಿಯ ತಿರುವಿನಲ್ಲಿ ಮಳೆ ಸದ್ದಿನ ಮಧ್ಯೆ ಇಳಿದು ಬರುವ ರೈಲು ಹತ್ತಿರ ಬರುವ ತನಕ ಕೇಳುವುದೇ ಇಲ್ಲ.

ಈಗ, ಅದು ಏನು ಅನ್ನುವ ಪ್ರಶ್ನೆ. ಅರ್ಧ ಗಾಬರಿ ಹೆಸರಿನಿಂದಲೇ ಬರುತ್ತದೆ. ‘ಡೆಟೊನೇಟರ್’ ಅಂದರೆ ನಮಗೆ ಕಲ್ಲುಕ್ವಾರಿ ನೆನಪಾಗುತ್ತದೆ. ಕ್ವಾರಿಯ ಡೆಟೊನೇಟರ್ ಬೇರೆ. ಅದು ಬೆರಳಿನಷ್ಟು ಸಣ್ಣ ಲೋಹದ ಕೊಳವೆ, ಬಂಡೆ ಸೀಳುವ ದೊಡ್ಡ ಮದ್ದಿಗೆ ಕಿಡಿ ಹೊತ್ತಿಸುವುದು ಅದರ ಕೆಲಸ. ರೈಲಿನದು ಹಾಗಲ್ಲ. ಇದೂ ಸಿಗ್ನಲ್ಲೇ, ಕಣ್ಣಿಗೆ ಕಾಣುವ ಬದಲು ಕಿವಿಗೆ ಕೇಳಿಸುತ್ತದೆ. ನಿಯಮ ಪುಸ್ತಕದಲ್ಲಿ ‘ಫಾಗ್ ಸಿಗ್ನಲ್’ ಅನ್ನುವ ಹೆಸರೂ ಇದೆ. ಹಿಂದಿಯಲ್ಲಿ ಪಟಾಖಾ, ಹಳಿ ಕೆಲಸ ಮಾಡುವ ನಮ್ಮ ಗ್ಯಾಂಗಿನವರ ಬಾಯಲ್ಲಿ ಪಟಾಕಿ. ತಗಡಿನ ಡಬ್ಬಿಯೊಳಗೆ ಸ್ವಲ್ಪ ಮದ್ದು, ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಸಣ್ಣ ಕ್ಯಾಪುಗಳು. ಹಳಿಯ ತಲೆಯ ಮೇಲೆ ಅಕ್ಷರ ಮೇಲೆ ಬರುವಂತೆ ಇಟ್ಟು, ಎರಡು ಪಟ್ಟಿಗಳನ್ನು ಕೆಳಗೆ ಬಗ್ಗಿಸಿ ಬಿಗಿ ಮಾಡುತ್ತಾರೆ. ಚಕ್ರ ಹತ್ತಿದ ಕ್ಷಣ ಸಿಡಿಯುತ್ತದೆ. ಇಂಜಿನ್ ಸದ್ದು, ಮಳೆ, ಗಾಳಿ ಎಲ್ಲವನ್ನೂ ಸೀಳಿಕೊಂಡು ಆ ಸದ್ದು ಲೋಕೊ ಪೈಲಟ್, ಅಂದರೆ ರೈಲು ಓಡಿಸುವವನ ಕಿವಿಗೆ ಹೋಗಬೇಕು. ಅದಕ್ಕೇ ಅಷ್ಟು ಜೋರು. 1841ರಲ್ಲಿ ಎಡ್ವರ್ಡ್ ಆಲ್ಫ್ರೆಡ್ ಕೂಪರ್ ಅನ್ನುವ ಇಂಗ್ಲಿಷ್ ಎಂಜಿನಿಯರ್ ಕಂಡುಹಿಡಿದದ್ದು. ನಮ್ಮ ದೇಶದಲ್ಲಿ ಮೊದಲ ಪ್ಯಾಸೆಂಜರ್ ರೈಲು ಓಡಿದ್ದೇ 1853ರಲ್ಲಿ. ಅಂದರೆ ನಮ್ಮ ರೈಲಿಗಿಂತ ಈ ಡಬ್ಬಿಗೆ ವಯಸ್ಸು ಜಾಸ್ತಿ.

ರೈಲು ಹಳಿ ತಪ್ಪುತ್ತದೆಯೇ? ಇಲ್ಲ. ನೂರಾರು ಟನ್ ತೂಕದ ಗಾಡಿಗೆ ಅದು ಸೊಳ್ಳೆ ಕಚ್ಚಿದ ಹಾಗೆ. ಹಳಿಗೂ ಚಕ್ರಕ್ಕೂ ಏನೂ ಆಗುವುದಿಲ್ಲ. ಈ ಹೆಸರಿನ ಗೊಂದಲ ಎಷ್ಟು ದೊಡ್ಡದು ಅನ್ನುವುದಕ್ಕೆ 2024ರ ಸೆಪ್ಟೆಂಬರ್‌ನ ಪ್ರಕರಣ ನೋಡಿ. ಮಧ್ಯಪ್ರದೇಶದ ನೇಪಾನಗರದ ಹತ್ತಿರ, ಕರ್ನಾಟಕದ ಕಡೆ ಬರುತ್ತಿದ್ದ ಸೇನೆಯ ವಿಶೇಷ ರೈಲಿನ ಕೆಳಗೆ ಇಂಥ 10 ಡೆಟೊನೇಟರ್ ಸಿಡಿದವು. ‘ಸೇನಾ ರೈಲಿಗೆ ಸ್ಫೋಟ’ ಅಂತ ದೇಶವೆಲ್ಲ ಗಾಬರಿಯಾಯಿತು. ಕೊನೆಗೆ ಅವು ರೈಲ್ವೆಯವೇ ಎಚ್ಚರಿಕೆ ಪಟಾಕಿಗಳು ಅಂತ ಗೊತ್ತಾಯಿತು. ರೈಲ್ವೆ ನೌಕರನೊಬ್ಬನನ್ನೇ ಬಂಧಿಸಿದರು. ರೈಲಿಗೆ ಏನೂ ಆಗಲಿಲ್ಲ. ಹಾಗಂತ ಅದು ಹುಡುಗಾಟ ಅಂತಲೂ ಅಲ್ಲ. ಕಾರಣವಿಲ್ಲದೆ ರೈಲು ನಿಲ್ಲಿಸುವುದೂ ಅಪಾಯವೇ. ಸುಳ್ಳು ಢಂ ನಾಲ್ಕು ಸಲ ಕೇಳಿದರೆ ಐದನೆಯ ನಿಜವಾದ ಢಂಗೆ ಪೈಲಟ್ ಕೈ ಬ್ರೇಕಿಗೆ ಅಷ್ಟು ಬೇಗ ಹೋಗುತ್ತದೆಯೇ?

ರೈಲಿಗೆ ಆಗದ ಅಪಾಯ ಮನುಷ್ಯನಿಗೆ ಆಗುತ್ತದೆ. ಸಿಡಿದಾಗ ತಗಡಿನ ಚೂರು ಬ್ಲೇಡಿನ ಹಾಗೆ ಹಾರುತ್ತದೆ. ಅದಕ್ಕೇ ಡೆಟೊನೇಟರ್ ಕಟ್ಟಿದ ಮೇಲೆ ನಮ್ಮವರು ಅದರಿಂದ ಕನಿಷ್ಠ 45 ಮೀಟರ್ ದೂರ ನಿಂತು ಕೆಂಪು ಬಾವುಟ ತೋರಿಸಬೇಕು. ನಾನು ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಳೆಯ ಡೆಟೊನೇಟರ್‌ಗಳನ್ನು ಪರೀಕ್ಷೆ ಮಾಡುವಾಗ ಒಬ್ಬ ಖಲಾಸಿ ‘ಇಷ್ಟು ಸಾಕು ಬಿಡಿ’ ಅಂತ ಹತ್ತಿರವೇ ನಿಂತುಬಿಟ್ಟ. ಒಂದು ಚೂರು ಮೊಣಕಾಲ ಕೆಳಗೆ ಪ್ಯಾಂಟ್ ಸೀಳಿಕೊಂಡು ಹೋಯಿತು. ಚರ್ಮ ಸ್ವಲ್ಪ ಹರಿದಿತ್ತು, ಅಷ್ಟೇ. ಅದೇ ಚೂರು ಕಣ್ಣಿಗೆ ಬಿದ್ದಿದ್ದರೆ? ಮಕ್ಕಳು ಇಂಥ ಡಬ್ಬಿಯನ್ನು ಕಲ್ಲಿನ ಮೇಲೆ ಇಟ್ಟು ಇನ್ನೊಂದು ಕಲ್ಲಿನಿಂದ ಜಜ್ಜುತ್ತಾರೆ, ಒಳಗೆ ಏನಿದೆ ನೋಡೋಣ ಅಂತ. ಕೈ, ಕಣ್ಣು ಹೋಗುವುದು ಹಾಗೆ. ನಿಮ್ಮ ಮಗ ಜಜ್ಜದೆ ಮನೆಗೆ ತಂದನಲ್ಲ, ಅದಕ್ಕೆ ಅವನನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದಿಲ್ಲ.

ನಿಮ್ಮ ತೋಟದ ಹತ್ತಿರ ಯಾಕೆ ಮೂರೇ ಸಲ ಸದ್ದಾಯಿತು, ಮರ ಯಾಕೆ ಅಷ್ಟು ದೂರ ಇತ್ತು? ಈ ಕೆಲಸದ ಜೀವಾಳವೇ ಅದು.

ಬ್ರಾಡ್‌ಗೇಜ್ ಹಳಿಯಲ್ಲಿ ಅಡ್ಡಿ ಕಂಡವನು ಕೈಯಲ್ಲಿ ಕೆಂಪು ಬಾವುಟವನ್ನೋ ಕೆಂಪು ದೀಪವನ್ನೋ ತೋರಿಸುತ್ತಾ ರೈಲು ಬರುವ ದಿಕ್ಕಿಗೆ ಓಡಬೇಕು. 600 ಮೀಟರ್‌ನಲ್ಲಿ ಒಂದು ಡೆಟೊನೇಟರ್ ಕಟ್ಟಬೇಕು. ಅಲ್ಲಿಂದ ಮತ್ತೆ ಓಡಿ 1200 ಮೀಟರ್‌ನಲ್ಲಿ ಮೂರು, 10 ಮೀಟರ್ ಅಂತರದಲ್ಲಿ. ನೀವು ಕೇಳಿದ ಮೂರು ಢಂ ಆ ಮೂರು. ಲೋಕೊ ಪೈಲಟ್ ಅದನ್ನು ಕೇಳಿ ಬ್ರೇಕ್ ಹಾಕಿದ. ಹಾಗಾಗಿ 600 ಮೀಟರ್‌ನ ನಾಲ್ಕನೆಯದು ಸಿಡಿಯುವ ಮುಂಚೆಯೇ ರೈಲು ನಿಂತಿರಬೇಕು.

ಒಂದರ ಬದಲು ಮೂರು ಯಾಕೆ ಅಂದರೆ, ಒಂದು ಹುಸಿ ಹೋಗಬಹುದು. ತೇವ ತಗುಲಿರಬಹುದು, ಹಳೆಯದಾಗಿರಬಹುದು. ಅದಕ್ಕೇ ತಯಾರಾದ ವರ್ಷವನ್ನು ಡಬ್ಬಿಯ ಮೇಲೇ ಒತ್ತಿರುತ್ತಾರೆ, ಹಳೆಯ ಲಾಟಿನಿಂದ ಒಂದೊಂದು ತೆಗೆದು ವ್ಯಾಗನ್ ಚಕ್ರದ ಕೆಳಗೆ ಸಿಡಿಸಿ ನೋಡುತ್ತಾರೆ. 10 ಮೀಟರ್ ಅಂತರ ಯಾಕೆಂದರೆ ಸದ್ದುಗಳು ಬಿಡಿಬಿಡಿಯಾಗಿ ಕೇಳಬೇಕು. ಮೂರೂ ಒಟ್ಟಿಗೆ ಹೋದರೆ ಒಂದೇ ದೊಡ್ಡ ಸದ್ದು. ಇಂಜಿನ್ನಿನಲ್ಲೇ ಏನೋ ಒಡೆಯಿತು ಅಂತ ಅಂದುಕೊಳ್ಳಬಹುದು.

1200 ಮೀಟರ್‌ನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಆ ದೂರವನ್ನು ಸುಮಾರು 43 ಸೆಕೆಂಡಿನಲ್ಲಿ ದಾಟುತ್ತದೆ. ಉಕ್ಕಿನ ಮೇಲೆ ಉಕ್ಕು ಉರುಳುವಾಗ ಹಿಡಿತ ಕಡಿಮೆ. ಆ ವೇಗದಲ್ಲಿ ತುರ್ತು ಬ್ರೇಕ್ ಹಾಕಿದರೂ ರೈಲು ನಿಲ್ಲಲು ಕಿಲೋಮೀಟರಿನ ಆಸುಪಾಸು ಬೇಕು. ಪೈಲಟ್ ಕಣ್ಣಿಗೆ ಮರ ಕಂಡ ಮೇಲೆ ಬ್ರೇಕ್ ಹಾಕಿದರೆ ಮುಗಿದೇ ಹೋಯಿತು. ನಿಮ್ಮ ಘಾಟಿಯಲ್ಲಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕದ 55 ಕಿಲೋಮೀಟರ್‌ನಲ್ಲಿ, ವೇಗ ಗಂಟೆಗೆ 30ರಷ್ಟೇ. ಹಾಗಾದರೆ ಅಷ್ಟು ದೂರ ಜಾಸ್ತಿ ಆಯಿತಲ್ಲ ಅನ್ನಬೇಡಿ. ಅಲ್ಲಿ ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ 1 ಮೀಟರ್ ಇಳಿತ. ಮಳೆಯಲ್ಲಿ ಹಳಿ ಒದ್ದೆ, ಮೇಲೆ ಎಲೆ ಕೊಳೆತ ಲೋಳೆ. ತುಂಬಿದ ಗೂಡ್ಸ್ ಇಳಿಯುವಾಗ ಬ್ರೇಕು ಹಿಡಿದರೂ ಚಕ್ರ ಜಾರುತ್ತದೆ. ಆ ದಾರಿಯ 57 ಸುರಂಗಗಳಲ್ಲಿ ಯಾವುದರ ಬಾಯಿ ದಾಟಿದ ಕೂಡಲೇ ಮಣ್ಣು ಕುಸಿದಿದೆ ಅಂತ ಮುಂಚೆ ಯಾರಿಗೆ ಗೊತ್ತು?

ಈಗ ಮನುಷ್ಯನ ಲೆಕ್ಕ ಹಾಕಿ. ಜಲ್ಲಿಯ ಮೇಲೆ, ಕತ್ತಲಲ್ಲಿ, ಗಮ್‌ಬೂಟ್ ಹಾಕಿಕೊಂಡು, ಹೆಗಲಲ್ಲಿ ಚೀಲ ಹೊತ್ತು 1200 ಮೀಟರ್ ಹೋಗಲು ಹತ್ತು ನಿಮಿಷವಾದರೂ ಬೇಕು. ಸಿಂಗಲ್ ಲೈನಿನಲ್ಲಿ ರೈಲು ಯಾವ ಕಡೆಯಿಂದ ಬೇಕಾದರೂ ಬರಬಹುದು. ಯಾವ ಕಡೆಯಿಂದ ಮೊದಲು ಬರುತ್ತದೋ ಆ ಕಡೆ ಮೊದಲು ಓಡಬೇಕು. ಅದಕ್ಕೆ ಆ ದಿನದ ಗಾಡಿಗಳ ಸಮಯ ತಲೆಯಲ್ಲಿ ಇರಬೇಕು. ಮಳೆಗಾಲದ ಪ್ಯಾಟ್ರೋಲ್‌ಮನ್‌ಗಳು ಹಳಿ ನೋಡುವುದರ ಜೊತೆಗೆ ಗಡಿಯಾರವನ್ನೂ ನೋಡುತ್ತಾ ನಡೆಯುವುದು ಇದಕ್ಕೇ. ಚೀಲದಲ್ಲಿ 10 ಡೆಟೊನೇಟರ್, ಬಾವುಟ, ಬಣ್ಣ ಬದಲಿಸುವ ದೀಪ, ಸೀಟಿ, ಬೆಂಕಿಪೊಟ್ಟಣ. ಇವುಗಳ ಜೊತೆಗೆ ‘ಫ್ಯೂಸಿ’ ಅಂತ ಇನ್ನೊಂದಿದೆ. ಹೊತ್ತಿಸಿದರೆ ಕೆಲವು ನಿಮಿಷ ಕಡುಕೆಂಪಾಗಿ ಉರಿಯುವ ಕಡ್ಡಿ. ಡೆಟೊನೇಟರ್ ಕಟ್ಟಲು ಸಮಯವೇ ಇಲ್ಲದಾಗ ಅದೇ ಗತಿ.

ಮಂಜಿನಲ್ಲಿ ಬಳಸುವ ಕ್ರಮ ಸ್ವಲ್ಪ ಬೇರೆ. ಅದು ಉತ್ತರ ಭಾರತದ ಚಳಿಗಾಲದ ಕಥೆ, ನಮ್ಮಲ್ಲಿ ಅಪರೂಪ. ಸಿಗ್ನಲ್‌ಗೆ 270 ಮೀಟರ್ ಮೊದಲು ಎರಡು ಡೆಟೊನೇಟರ್ ಕಟ್ಟುತ್ತಾರೆ. ‘ಮುಂದೆ ಸಿಗ್ನಲ್ ಇದೆ, ಕಣ್ಣು ಬಿಟ್ಟು ನೋಡು’ ಅನ್ನುವುದಷ್ಟೇ ಅದರ ಅರ್ಥ. ಈಗ ಅಲ್ಲಿ ಇಂಜಿನ್ನಿನಲ್ಲಿ ‘ಫಾಗ್‌ಪಾಸ್’ ಅನ್ನುವ ಜಿಪಿಎಸ್ ಯಂತ್ರ ಇಟ್ಟಿರುತ್ತಾರೆ. ಸಿಗ್ನಲ್, ಗೇಟು ಹತ್ತಿರ ಬಂದಾಗ ಹೇಳುತ್ತದೆ.

ಇಲ್ಲಿಗೆ ನಿಮ್ಮ ‘ಕವಚ’ದ ಪ್ರಶ್ನೆ ಬರುತ್ತದೆ. ಕವಚ ಒಳ್ಳೆಯ ವ್ಯವಸ್ಥೆ. ಅದರಲ್ಲಿ ನನಗೆ ತಕರಾರಿಲ್ಲ. ಪೈಲಟ್ ಕೆಂಪು ಸಿಗ್ನಲ್ ದಾಟಲು ಹೋದರೆ, ವೇಗ ಮೀರಿದರೆ ತಾನೇ ಬ್ರೇಕ್ ಹಾಕುತ್ತದೆ. ಎರಡು ರೈಲು ಎದುರುಬದುರು ಬರದಂತೆ ನೋಡಿಕೊಳ್ಳುತ್ತದೆ. 2020ರಲ್ಲಿ ಅದನ್ನು ಇಡೀ ದೇಶದ ವ್ಯವಸ್ಥೆ ಅಂತ ಒಪ್ಪಿಕೊಂಡರು. ಹಂತಹಂತವಾಗಿ ಹಾಕುತ್ತಿದ್ದಾರೆ. ಆದರೆ ಕವಚಕ್ಕೆ ಕಣ್ಣಿಲ್ಲ. ಹಳಿಯಲ್ಲಿರುವ ಟ್ಯಾಗು, ರೇಡಿಯೊ, ಸಿಗ್ನಲ್ಲಿನ ಬಣ್ಣ ಅದಕ್ಕೆ ಗೊತ್ತಾಗುತ್ತವೆ. ಮರ, ಬಂಡೆ, ಕುಸಿದ ಮಣ್ಣು ಗೊತ್ತಾಗುವುದಿಲ್ಲ. ಸ್ಟೇಷನ್ನಿನಿಂದಲೋ ಇಂಜಿನ್ನಿನಿಂದಲೋ ತುರ್ತು ಸಂದೇಶ ಒತ್ತಿ ಸುತ್ತಲಿನ ರೈಲು ನಿಲ್ಲಿಸುವ ಸೌಲಭ್ಯ ಅದರಲ್ಲಿದೆ, ನಿಜ. ಆದರೆ ಆ ಬಟನ್ ಒತ್ತುವವನಿಗೆ ಮರ ಬಿದ್ದ ಸುದ್ದಿ ಯಾರೋ ಒಬ್ಬರು ಮುಟ್ಟಿಸಬೇಕು.

ಹಳಿ ಒಡೆದರೆ ಸಿಗ್ನಲ್ ತಾನಾಗಿಯೇ ಕೆಂಪಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅರ್ಧ ಸತ್ಯ. ಹಳಿಯಲ್ಲೇ ಸಣ್ಣ ವಿದ್ಯುತ್ ಹರಿಸುವ ‘ಟ್ರ್ಯಾಕ್ ಸರ್ಕ್ಯೂಟ್’ ಇದ್ದ ಕಡೆ, ಹಳಿ ಪೂರ್ತಿ ತುಂಡಾದರೆ ಕರೆಂಟ್ ಕಡಿದು ಸಿಗ್ನಲ್ ಕೆಂಪಾಗುತ್ತದೆ. ಆದರೆ ಬಹಳ ಕಡೆ ಈಗ ‘ಆ್ಯಕ್ಸಲ್ ಕೌಂಟರ್’ ಇವೆ. ಅವು ಒಳಗೆ ಹೋದ ಚಕ್ರ ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎಣಿಸುತ್ತವೆ, ಅಷ್ಟೇ. ಹಳಿ ಒಡೆದದ್ದು ಅವಕ್ಕೆ ತಿಳಿಯುವುದಿಲ್ಲ. ಒಡೆಯುವ ಮೊದಲೇ ಒಳಗಿನ ಬಿರುಕು ಹಿಡಿಯಲು ಅಲ್ಟ್ರಾಸೌಂಡ್ ಯಂತ್ರ ತಳ್ಳಿಕೊಂಡು ಹೋಗುತ್ತಾರೆ, ಆದರೆ ಅದನ್ನು ದಿನಾ ಮಾಡಲು ಆಗುವುದಿಲ್ಲ. ಚಳಿಗಾಲದ ರಾತ್ರಿ ಬೆಸುಗೆ ಹಾಕಿದ ಉದ್ದ ಹಳಿ ಕುಗ್ಗಲು ನೋಡುತ್ತದೆ, ಕುಗ್ಗಲು ಜಾಗ ಇಲ್ಲ. ಬೆಸುಗೆ ದುರ್ಬಲವಾಗಿದ್ದರೆ ಟಪ್ ಅಂತ ಬಿಡುತ್ತದೆ. ಒಂದು ಜನವರಿಯ ನಸುಕಿನಲ್ಲಿ ನನ್ನ ಸೆಕ್ಷನ್ನಿನಲ್ಲಿ ಹಾಗೇ ಆಗಿತ್ತು. ಸಿಗ್ನಲ್ ಹಸಿರೇ ಇತ್ತು. ಪ್ಯಾಟ್ರೋಲ್‌ಮನ್ ಕಂಡು, ಓಡಿ, ಮೂರು ಕಟ್ಟಿ, ನಿಂತು ಬಾವುಟ ತೋರಿಸಿದ. ಎಕ್ಸ್‌ಪ್ರೆಸ್ ಗಾಡಿ ಬಿರುಕಿಗೆ ಇನ್ನೂರು ಮುನ್ನೂರು ಮೀಟರ್ ಇರುವಾಗ ನಿಂತಿತು. ಒಳಗಿನವರಿಗೆ ‘ಯಾಕೋ ಗಾಡಿ ನಿಂತಿದೆ’ ಅನ್ನುವುದಷ್ಟೇ ಗೊತ್ತು. ಕೆಲವರು ಬೈದರೂ ಬೈದರು.

ಅದಕ್ಕೇ ನನ್ನ ಅಭಿಪ್ರಾಯ ಕೇಳಿದರೆ, ಪಟಾಕಿ ಇನ್ನೂ ಕೆಲವು ವರ್ಷ ಬೇಕು. ವಾಕಿಟಾಕಿ, ಮೊಬೈಲು ಬಂದ ಮೇಲೆ ಅದರ ಕೆಲಸ ಕಡಿಮೆಯಾಗಿದೆ. ಸ್ಟೇಷನ್‌ಗೆ ಫೋನ್ ಹೋದರೆ ಸಿಗ್ನಲ್ ಕೆಂಪು ಮಾಡುತ್ತಾರೆ. ಆದರೆ ನಿಮ್ಮ ಘಾಟಿಯಲ್ಲಿ ನೆಟ್‌ವರ್ಕ್ ಎಷ್ಟು ಸಿಗುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದೂ ಅಲ್ಲದೆ, ಕೊನೆಯ ಸಿಗ್ನಲ್ ದಾಟಿ ಬಂದುಬಿಟ್ಟ ರೈಲಿಗೆ ಯಾವ ಕೆಂಪು ದೀಪ ತೋರಿಸುತ್ತೀರಿ?

ನಿಮಗೆ ಸಿಕ್ಕಿದ ಡಬ್ಬಿ ಎಲ್ಲಿಂದ ಬಂತು ಅನ್ನುವುದನ್ನು ಊಹಿಸಬಹುದು. ಅಡ್ಡಿ ತೆರವಾದ ಮೇಲೆ ಸಿಡಿಯದೆ ಉಳಿದದ್ದನ್ನು ಬಿಚ್ಚಿ ವಾಪಸ್ ತರಬೇಕು, ಲೆಕ್ಕ ಕೊಡಬೇಕು. ಮಳೆ, ಕತ್ತಲು, ಗಡಿಬಿಡಿ. ಪಟ್ಟಿ ಸರಿಯಾಗಿ ಬಿಗಿಯದೆ ಕೆಳಗೆ ಜಾರಿ ಬಿದ್ದಿರಬಹುದು. ಹಾಗೆ ಬಿಟ್ಟದ್ದು ತಪ್ಪೇ. ನೀವು ತಿಳಿಸಿದರೆ ಆ ಲೆಕ್ಕ ಸರಿಹೋಗುತ್ತದೆ, ಇನ್ನೊಂದು ಎಲ್ಲಾದರೂ ಬಿದ್ದಿದೆಯೇ ಅಂತಲೂ ಹುಡುಕುತ್ತಾರೆ.

ಇನ್ನು ಹಳಿಯ ಮೇಲೆ ಮರವೋ ಮಣ್ಣೋ ನಿಮ್ಮ ಕಣ್ಣಿಗೇ ಬಿದ್ದರೆ. ಮೊದಲ ಕೆಲಸ ಫೋನು, ಓಟ ಆಮೇಲೆ. ಹತ್ತಿರ ಗೇಟ್ ಇದ್ದರೆ ಅದೇ ಎಲ್ಲಕ್ಕಿಂತ ಬೇಗ, ಗೇಟ್‌ಮನ್ ಹತ್ತಿರ ಸ್ಟೇಷನ್ ಮಾಸ್ಟರ್‌ಗೆ ನೇರ ಫೋನ್ ಇರುತ್ತದೆ. ಇಲ್ಲದಿದ್ದರೆ 139. ‘ನಮ್ಮ ತೋಟದ ಹತ್ತಿರ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹಳಿಯ ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆ ಹೇಳಿ. ವಿದ್ಯುತ್ ಕಂಬ ಇರುವ ಕಡೆ ಕಂಬದ ಸಂಖ್ಯೆ ಹೇಳಿ. ನಿಮ್ಮ ತೋಟದ ಹತ್ತಿರದ ಸಂಖ್ಯೆಯನ್ನು ಇವತ್ತೇ ದೂರದಿಂದ ನೋಡಿಕೊಂಡು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ಹತ್ತಿರದ ಸ್ಟೇಷನ್ನಿನ ಫೋನ್ ನಂಬರನ್ನೂ ಕೀಮ್ಯಾನ್ ಹತ್ತಿರ ಕೇಳಿ ಅಲ್ಲೇ ಬರೆಯಿರಿ.

ಫೋನ್ ಹೋಗಲೇ ಇಲ್ಲ, ರೈಲು ಬರುವ ಹೊತ್ತು ಅನ್ನಿಸಿದರೆ, ಅಡ್ಡಿಯಿಂದ ಸಾಧ್ಯವಾದಷ್ಟು ದೂರ, ರೈಲು ಬರುವ ದಿಕ್ಕಿಗೆ ಹೋಗಿ. ಹಳಿಯ ಮಧ್ಯೆ ಅಲ್ಲ, ಪಕ್ಕದಲ್ಲಿ. ಸುರಂಗದೊಳಗೆ, ಸೇತುವೆಯ ಮೇಲೆ ಯಾವ ಕಾರಣಕ್ಕೂ ಹೋಗಬೇಡಿ. ಅಲ್ಲಿ ಪಕ್ಕಕ್ಕೆ ಸರಿಯಲು ಜಾಗ ಸಿಗುವುದಿಲ್ಲ. ಹಗಲಾದರೆ ಕೆಂಪು ಬಟ್ಟೆ ಬೀಸಿ. ಅದು ಇಲ್ಲದಿದ್ದರೆ ಎರಡೂ ಕೈ ತಲೆಯ ಮೇಲೆ ನೇರವಾಗಿ ಎತ್ತಿ ಹಿಡಿಯಿರಿ. ಲೋಕೊ ಪೈಲಟ್ ಪುಸ್ತಕದಲ್ಲಿ ಅದಕ್ಕೂ ‘ನಿಲ್ಲಿಸು’ ಅಂತಲೇ ಅರ್ಥ. ರಾತ್ರಿ ಕೆಂಪು ದೀಪ ಇಲ್ಲದಿದ್ದರೆ ಬಿಳಿ ಟಾರ್ಚನ್ನೇ ಜೋರಾಗಿ ಅಡ್ಡಡ್ಡ ಬೀಸಿ, ಅದೂ ಅಷ್ಟೇ. ಸುಮ್ನೆ ಟಾರ್ಚ್ ಹಿಡಿದು ನಿಂತರೆ ಹಳಿ ಪಕ್ಕ ಯಾರೋ ನಡೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಮಗ ತಂದ ಡಬ್ಬಿಯನ್ನು ಹಳಿಗೆ ಕಟ್ಟಿ ನೀವೇ ರೈಲು ನಿಲ್ಲಿಸುವ ಯೋಚನೆ ಮಾತ್ರ ಯಾವತ್ತೂ ಬೇಡ. ಹಾಗೆ ಮಾಡಿದವರ ಉದ್ದೇಶ ಒಳ್ಳೆಯದಿತ್ತು ಅಂತ ಕೋರ್ಟಿನಲ್ಲಿ ಹೇಳುತ್ತಾ ಕೂರಬೇಕಾಗುತ್ತದೆ. ಇದನ್ನು ಓದಿ ಮುಗಿಸಿದ ಕೂಡಲೇ 139ಕ್ಕೆ ಕರೆ ಮಾಡಿ. ಡಬ್ಬಿ ಒಪ್ಪಿಸಿದ ಮೇಲೆ ಅದರ ಮೇಲಿದ್ದ ವರ್ಷ ಯಾವುದು ಅಂತ ಅವರನ್ನೇ ಕೇಳಿ ಒಂದು ಸಾಲು ಬರೆಯಿರಿ. ಅವಧಿ ಮೀರಿದ್ದನ್ನು ಇನ್ನೂ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಾರೋ ಇಲ್ಲವೋ ಅಂತ ತಿಳಿಯುವ ಕುತೂಹಲ ನನಗೆ.